ಬ್ಯಾಡಗಿಗೆ ಒಂಬತ್ತು ಸಾವಿರದ ಸರ್ಟಿಫಿಕೇಟು ಬಂದ ಬಗೆ

ಮೆಣಸಿನಕಾಯಿ ಕಾರ್ಖಾನೆಯಲ್ಲಿ ದುಡಿಯುವವನಿಗೆ ಕಣ್ಣಲ್ಲಿ ನೀರು ಬರುವುದು ದಿನದ ಮಾತು. ಆದರೆ ತೊಂಬತ್ತರ ದಶಕದ ನಡುವೆ ಒಂದು ವರ್ಷ, ನಮ್ಮಲ್ಲಿ ಗುಣಮಟ್ಟದ ಸರ್ಟಿಫಿಕೇಟು ತರಲು ಹೊರಟಾಗ, ಬಂದ ಕಣ್ಣೀರು ಖಾರದ್ದೋ ನಗೆಯದ್ದೋ ತಿಳಿಯದಂತಾಗಿತ್ತು. ವಾರಕ್ಕೊಮ್ಮೆಯಾದರೂ ಏನಾದರೊಂದು ಆಗುತ್ತಲೇ ಇತ್ತು. ಆಗ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ಹೇಳಬಹುದು.

ಒಂಬತ್ತು ಸಾವಿರ ಏನು?

ಬ್ಯಾಡಗಿ ಸ್ಟೇಶನ್ನಿನ ಹತ್ತಿರವೇ ನಮ್ಮ ಖಾರದ ಪುಡಿಯ ಕಾರ್ಖಾನೆ. ನಾನು ಅಲ್ಲಿ ಗುಮಾಸ್ತ. ರಾಣೆಬೆನ್ನೂರಿನಲ್ಲಿ ಬಿ.ಕಾಂ. ಮುಗಿಸಿದವನೆಂದು ಇಂಗ್ಲಿಷಿನ ಕಾಗದ ಯಾವುದೇ ಬರಲಿ, ಸಾಹುಕಾರರು ನನ್ನ ಮುಂದೆ ಹಿಡಿಯುತ್ತಿದ್ದರು. ಅವರದು ಅಜ್ಜನ ಕಾಲದಿಂದ ಮೆಣಸಿನಕಾಯಿ ವ್ಯಾಪಾರ ಮಾಡಿದ ಮನೆತನ. ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಬೀಜದ ಸದ್ದು ಕೇಳಿ, ಎಷ್ಟು ದಿನ ಬಿಸಿಲು ಕಂಡಿದೆ ಎಂದು ಹೇಳಿಬಿಡುತ್ತಿದ್ದರು. ಕಾಗದವೆಂದರೆ ಮಾತ್ರ ಅಂಜುತ್ತಿದ್ದರು.

ಒಂದು ದಿನ ಹೊರದೇಶದ ಗಿರಾಕಿಯಿಂದ ಪತ್ರ ಬಂತು. ನಿಮ್ಮ ಪುಡಿಯ ಬಣ್ಣ ನಮಗೆ ಬಹಳ ಹಿಡಿಸಿದೆ, ಆದರೆ ಮುಂದಿನ ವರ್ಷದಿಂದ ನಿಮ್ಮಲ್ಲಿ ಐಎಸ್ಓ ಒಂಬತ್ತು ಸಾವಿರದ ಸರ್ಟಿಫಿಕೇಟು ಇದ್ದರೆ ಮಾತ್ರ ಮಾಲು ಕೊಳ್ಳುತ್ತೇವೆ ಎಂದಿತ್ತು. ಹೊರದೇಶದವನು ಅಂತ ನಮಗಿದ್ದವನು ಅವನೊಬ್ಬನೇ. ಅವನನ್ನು ನಂಬಿಯೇ ಸಾಹುಕಾರರು ಹೊಸ ಗಿರಣಿ ಹಾಕಿಸಿದ್ದರು.

"ಒಂಬತ್ತು ಸಾವಿರ ಏನಂತ? ಚೀಲ ಏನು?" ಎಂದು ಕೇಳಿದರು.

"ಚೀಲ ಅಲ್ರಿ. ಅದು ಒಂದು ನಂಬರು."

"ಯಾತರ ನಂಬರು?"

ನನಗೂ ಗೊತ್ತಿರಲಿಲ್ಲ. ನಾವಿಬ್ಬರೂ ಪತ್ರವನ್ನು ಹಿಂದೆ ಮುಂದೆ ತಿರುವುತ್ತಿರುವಾಗ ಹೊರಗೆ ಚೀಲ ಹೊರುತ್ತಿದ್ದ ಹಮಾಲರ ಕಿವಿಗೆ ಸುದ್ದಿ ಬಿತ್ತು. ಹಮಾಲರ ಹಿರಿಯ ಒಳಗೆ ಬಂದು, "ಸಾಹುಕಾರ್ರ, ಒಂಬತ್ತು ಸಾವಿರ ಚೀಲ ಅಂದ್ರ ಈ ಮಂದಿಗೆ ನೀಗೂದಿಲ್ರಿ. ಇನ್ನ ಹತ್ತು ಆಳು ಕರಕೊಂಡು ಬರ್ಲೇನು?" ಎಂದ. ಮಧ್ಯಾಹ್ನದ ಹೊತ್ತಿಗೆ ಕೋಲ್ಡ್ ಸ್ಟೋರೇಜಿನವರು, ಇಷ್ಟು ಚೀಲಕ್ಕೆ ನಮ್ಮಲ್ಲಿ ಜಾಗ ಇಲ್ಲ ಎಂದು ಕೇಳುವ ಮೊದಲೇ ಹೇಳಿಕಳಿಸಿದರು.

ಮರುದಿನ ರಾಣೆಬೆನ್ನೂರಿಗೆ ಹೋಗಿ ನನಗೆ ಕಾಮರ್ಸ್ ಕಲಿಸಿದ ಸರ್‌ ಅವರನ್ನು ಕೇಳಿದೆ. ಅವರು ಹೇಳಿದರು: "ಅದು ಗುಣಮಟ್ಟದ ಪದ್ಧತಿಯಪಾ. ಕೆಲಸಾನ ಪ್ರತಿಸಲ ಒಂದ ರೀತಿ ಮಾಡ್ತೀವಿ ಅಂತ ತೋರಿಸ್ಬೇಕು."

"ಮಾಲು ಚಲೋ ಐತಿ ಅಂತ ತೋರ್ಸೂದಲ್ಲೇನ್ರಿ?"

"ಅಲ್ಲ. ಮಾಲು ಹ್ಯಾಂಗ ಇದ್ರೂ ಪ್ರತಿಸಲ ಹಾಂಗ ಇರ್ತದ ಅಂತ ತೋರ್ಸೂದು."

ತಿರುಗಿ ಬಂದು ಸಾಹುಕಾರರಿಗೆ ವರದಿ ಒಪ್ಪಿಸಿದೆ. ಅವರು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು.

"ಎಲ್ಲಾ ಖರೇ," ಅಂದರು. "ಆದ್ರ ಸೀದಾ ಒಂಬತ್ತು ಸಾವಿರಕ್ಕ ಹೊಂಟೀವಲ್ಲೋ. ಹಿಂದಿನ ಎಂಟು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ಯಾವಾಗ ಮುಗಿಸಿದ್ರಿ ಅಂತ ಯಾರರ ಕೇಳಿದ್ರ ಏನ್ ಹೇಳೂಣು?"

ನಾನು ಎಂ.ಆರ್. ಆದೆ

ಹುಬ್ಬಳ್ಳಿಯಿಂದ ಒಬ್ಬ ಸಲಹೆಗಾರರನ್ನು ಗೊತ್ತು ಮಾಡಿದೆವು. ಖಾರದ ಧೂಳಿನ ನಡುವೆಯೂ ಟೈ ಬಿಚ್ಚದ ಮನುಷ್ಯ. ಬಂದ ದಿನವೇ, "ಈ ಪದ್ಧತಿಗೆ ಒಬ್ಬ ಜವಾಬ್ದಾರಿ ಮನುಷ್ಯ ಬೇಕು. ಅವನಿಗೆ ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಅಂತಾರ," ಎಂದರು. ಸಾಹುಕಾರರು ಸುತ್ತಲೂ ನೋಡಿದರು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ನನ್ನ ಬಾಗಿಲಿಗೆ ಫಲಕ ಬಂತು. ಅಷ್ಟು ಉದ್ದದ ಹೆಸರು ಅದರಲ್ಲಿ ಹಿಡಿಯದೆ ಪೇಂಟರ್ ಬರೇ 'ಎಂ.ಆರ್.' ಎಂದು ಬರೆದಿದ್ದ. ನಮ್ಮ ಕಡೆ ಎಂ.ಆರ್. ಅಂದರೆ ಒಬ್ಬರೇ. ಕಪ್ಪು ಬ್ಯಾಗು ಹಿಡಿದು ದವಾಖಾನೆಯ ಬಾಗಿಲಲ್ಲಿ ಕಾಯುವ ಔಷಧ ಕಂಪನಿಯವರು. ಮೊದಲು ವಾಚ್‌ಮನ್ ಬಂದ. "ಮೊಣಕಾಲಿಗೆ ಹಚ್ಚೂ ಎಣ್ಣಿ ಸ್ಯಾಂಪಲ್ ಬಂದೈತೇನ್ರಿ?" ಆಮೇಲೆ ಕಾಯಿಯ ತೊಟ್ಟು ತೆಗೆಯುವ ಹೆಂಗಸರು ಮೂವರು ಕೆಮ್ಮಿಗೆ ಟಾನಿಕ್ ಕೇಳಿ ಬಂದರು.

"ಅದು ಔಷಧದ ಎಂ.ಆರ್. ಅಲ್ಲವ್ವಾ, ಮ್ಯಾನೇಜ್‌ಮೆಂಟ್‌ನವರ ಪರವಾಗಿ ಇರಾಂವ ಅಂತ," ಎಂದು ತಿಳಿಸಿ ಹೇಳಿದೆ.

"ಹೌದೇನ್ರಿ? ಮತ್ತ ನಮ್ಮ ಪರವಾಗಿ ಯಾರ ಅದಾರು?" ಎಂದು ಒಬ್ಬಾಕೆ ಕೇಳಿದಳು.

ಸುದ್ದಿ ಹಾವೇರಿಗೆ, ನನ್ನ ಅತ್ತೆಯ ಮನೆಗೂ ಮುಟ್ಟಿತು. ಅಳಿಯ ಎಂ.ಆರ್. ಆದ ಎಂದು ಅತ್ತೆ ಓಣಿಗೆಲ್ಲ ಪೇಢೆ ಹಂಚಿದ್ದರು. ಪಂಚಮಿ ಹಬ್ಬಕ್ಕೆ ಹೋದರೆ ಜಗಲಿಯ ಮೇಲೆ ನಾಲ್ಕೈದು ಮಂದಿ ನೆರೆಯವರು ಕೂತಿದ್ದಾರೆ. ಒಬ್ಬರಿಗೆ ಕೆಮ್ಮು, ಒಬ್ಬರಿಗೆ ಸೊಂಟನೋವು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗೆ ಕರೆದು, "ಈಗ ಅಲ್ಲ ಅನಬ್ಯಾಡ್ರಿ. ನಮ್ಮವ್ವನ ಮರ್ಯಾದಿ ಪ್ರಶ್ನೆ ಐತಿ," ಎಂದಳು. ಹಿತ್ತಲ ಬಾಗಿಲಿನಿಂದ ಹೋಗಿ ಪೇಟೆಯಲ್ಲಿ ಎರಡು ಬಾಟಲಿ ಕೆಮ್ಮಿನ ಔಷಧ ಕೊಂಡೆ. ಬೆಲೆಯ ಚೀಟಿ ಕಿತ್ತು, ನನ್ನ ಕೈಚೀಲದ ತಳಕ್ಕೆ ಹಾಕಿ, ಅಲ್ಲಿಂದ ತೆಗೆದವನಂತೆ ತೆಗೆದು ಕೊಟ್ಟೆ. ಆ ಕೈಚೀಲದಲ್ಲಿ ವಾರದ ಹಿಂದೆ ನಮ್ಮ ಪುಡಿಯ ಪೊಟ್ಟಣ ಒಡೆದಿತ್ತು ಎಂಬುದು ನನಗೆ ಮರೆತೇ ಹೋಗಿತ್ತು.

ಮರುದಿನ ಅತ್ತೆ ಬಹಳ ಅಭಿಮಾನದಿಂದ ಹೇಳಿದರು: "ನಿಮ್ಮ ಕಂಪನಿ ಔಷಧ ಗುಣ ಬಾಳ ಚಲೋ ಐತ್ರಿ ಅಳಿಯಂದ್ರ, ಒಂದ ಸಲಕ್ಕ ಕೆಮ್ಮು ನಿಂತೈತಿ. ಆದ್ರ ಬಾಯಿಗೆ ಒಂದೀಟು ಖಾರ."

ಹನ್ನೊಂದು ಗಂಟೆಯ ಚಹಾ

ಸಲಹೆಗಾರರ ಇಡೀ ಉಪದೇಶ ಎರಡು ಮಾತಿನದು. "ಮಾಡೂದನ್ನ ಬರೀರಿ. ಬರದದ್ದನ್ನ ಮಾಡ್ರಿ." ಇಷ್ಟು ಹೇಳಿ ಅವರು ಹುಬ್ಬಳ್ಳಿ ಬಸ್ಸು ಹತ್ತಿದರು.

ನಾನು ನೋಟ್‌ಬುಕ್ ಹಿಡಿದು ಗಿರಣಿಯ ಮುಂದೆ ಕೂತೆ. ಗಿರಣಿ ನಡೆಸುವವನು ಹಲಗೇರಿಯಿಂದ ಬರುತ್ತಿದ್ದ ಮಿತಭಾಷಿ ಆಪರೇಟರ್. ಅವನು ಮಾಡಿದ್ದೆಲ್ಲವನ್ನೂ ಬಿಡದೆ ಬರೆದೆ. ಸ್ವಿಚ್ ಹಾಕುವುದು, ಕಾಯಿ ಸುರಿಯುವುದು, ಜರಡಿ ನೋಡುವುದು. ಆಮೇಲೆ ಹೀಗೆ: 'ಹನ್ನೊಂದು ಗಂಟೆಗೆ ಗಿರಣಿ ನಿಲ್ಲಿಸುವುದು. ಎದುರಿನ ಅಂಗಡಿಗೆ ಹೋಗುವುದು. ಚಹಾ ಕುಡಿಯುವುದು. ಇಪ್ಪತ್ತೈದು ನಿಮಿಷಕ್ಕೆ ಮರಳುವುದು. ಕಟ್ಟಿಗೆಯಿಂದ ಮೋಟಾರಿನ ಎಡಮಗ್ಗುಲಿಗೆ ಎರಡು ಏಟು ಹೊಡೆಯುವುದು. ಗಿರಣಿ ಚಾಲು ಮಾಡುವುದು.' ಟೈಪ್ ಮಾಡಿಸಿದೆ. ಸಾಹುಕಾರರು ಎಂದಿನಂತೆ ಓದದೆ ಸಹಿ ಹಾಕಿದರು. ಕಾಗದ ಗೋಡೆಗೆ ಹತ್ತಿತು.

ಒಂದು ದಿನ ತುರ್ತು ಮಾಲು ಹೋಗಬೇಕಾಗಿತ್ತು. ಲಾರಿ ಬಂದು ಬಾಗಿಲಲ್ಲಿ ನಿಂತಿದೆ, ಇನ್ನು ನಾಲ್ಕೇ ಚೀಲ ಬೀಸುವುದಿದೆ. ಆಗ ಹನ್ನೊಂದು ಹೊಡೆಯಿತು. ಆಪರೇಟರ್ ಗಿರಣಿ ನಿಲ್ಲಿಸಿದ.

ಸಾಹುಕಾರರು ಓಡಿಬಂದರು. "ಏ, ನಾಕ ಚೀಲ ಮುಗಿಸಿ ಹೋಗೋ!"

ಅವನು ಗೋಡೆ ತೋರಿಸಿದ. "ಬರದೈತ್ರಿ. ನಿಮ್ಮ ಸಹಿನೂ ಐತಿ. ಈಗ ನಾ ಚಹಾ ಕುಡೀಲಿಲ್ಲಂದ್ರ ಪದ್ಧತಿ ತಪ್ಪತೈತ್ರಿ."

ಸಾಹುಕಾರರು ಮೊದಲ ಸಲ ಆ ಕಾಗದ ಓದಿದರು. ಓದಿ ನನ್ನ ಕಡೆ ನೋಡಿದರು. ನಾನು ಲಾರಿಯ ಕಡೆ ನೋಡಿದೆ. ಅವತ್ತು ಎದುರಿನ ಚಹಾದಂಗಡಿ ಬಾಗಿಲು ಹಾಕಿತ್ತು. ಆದರೂ ಆಪರೇಟರ್ ಹೋಗಿ ಮುಚ್ಚಿದ ಬಾಗಿಲ ಮುಂದೆ ಇಪ್ಪತ್ತೈದು ನಿಮಿಷ ನಿಂತ. ನಾವೆಲ್ಲ ಈ ಕಡೆಯಿಂದ ನೋಡುತ್ತ ನಿಂತೆವು.

ಮರಳಿ ಬಂದು ಸ್ವಿಚ್ ಹಾಕಿದ. ಮೋಟಾರು ಎಂದೂ ಇಲ್ಲದಂತೆ ಮೊದಲನೇ ಸಲಕ್ಕೇ ಚಾಲು ಆಯಿತು. ಅವನಿಗೆ ಒಂದು ಕ್ಷಣ ಗಲಿಬಿಲಿ ಆದಂತೆ ಕಂಡಿತು. ಗೋಡೆಯ ಕಾಗದ ನೋಡಿದ. ಕಟ್ಟಿಗೆ ತೆಗೆದುಕೊಂಡು ಬರೆದಂತೆ ಎಡಮಗ್ಗುಲಿಗೆ ಎರಡು ಏಟು ಹಾಕಿದ.

ಮೋಟಾರು ನಿಂತಿತು.

ಕೆಂಪು ಪೆಟ್ಟಿಗೆ

ಮುಂದಿನ ಸಲ ಬಂದಾಗ ಸಲಹೆಗಾರರು ಕಾಯಿ ಆರಿಸುವ ಕೋಣೆಗೆ ಹೋದರು. ಅಲ್ಲಿ ಐವತ್ತು ಅರವತ್ತು ಹೆಂಗಸರು ಕೂತು ತೊಟ್ಟು ತೆಗೆದು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡುತ್ತಿದ್ದರು. ಅವರ ಮೇಲೆ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವಳಿಗೆ ದೊಡ್ಡಕ್ಕ ಅನ್ನುತ್ತಿದ್ದರು, ಸಾಹುಕಾರರೂ.

"ಎರಡು ಪೆಟ್ಟಿಗಿ ಮಾಡಿಸ್ರಿ. ಒಂದಕ್ಕ ಹಸಿರು ಬಣ್ಣ, ಒಂದಕ್ಕ ಕೆಂಪು. ಜಗತ್ತಿನಾಗ ಎಲ್ಲಾ ಕಡೆ ಇದ ಪದ್ಧತಿ. ನೋಡಿದ್ರ ಸಾಕು, ಯಾರಿಗೂ ಹೇಳೂದ ಬೇಕಾಗಿಲ್ಲ," ಎಂದರು ಸಲಹೆಗಾರರು. ಅವರ ಮಾತು ಕೇಳಿ ನಾವು ಹೆಂಗಸರಿಗೆ ಏನೂ ಹೇಳಲಿಲ್ಲ. ಹಮಾಲರಿಗೆ ಮಾತ್ರ, ಹಸಿರು ಪೆಟ್ಟಿಗೆಯದು ಗಿರಣಿಗೆ, ಕೆಂಪು ಪೆಟ್ಟಿಗೆಯದು ಹಿತ್ತಲಿಗೆ ಒಯ್ದು ಸುಡಬೇಕು ಎಂದು ಹೇಳಿ, ನಾನು ಕಾಗದ ಛಾಪಿಸಲು ಹಾವೇರಿಗೆ ಹೋದೆ.

ಸಂಜೆ ಬಂದಾಗ ಸಾಹುಕಾರರು ಗಿರಣಿಯ ಬಾಯಲ್ಲಿ ನಿಂತು ಅಂಗೈಯಲ್ಲಿ ಪುಡಿ ಹಿಡಿದು ನೋಡುತ್ತಿದ್ದರು. ಪುಡಿ ಹಳೆಯ ಸುಣ್ಣದ ಗೋಡೆಯ ಬಣ್ಣಕ್ಕಿತ್ತು.

"ಇದು ಯಾವ ದೇಶದ ಖಾರಪಾ?" ಎಂದು ಕೇಳಿದರು.

ನನಗೆ ತಟ್ಟನೆ ಹೊಳೆಯಿತು. ಹಿತ್ತಲಿಗೆ ಓಡಿದೆ. ಅಲ್ಲಿ ಆ ಹಂಗಾಮಿನ ಅತ್ಯಂತ ಒಳ್ಳೆಯ ಕಾಯಿ, ರಕ್ತದಂತೆ ಕೆಂಪಗೆ, ಗುಡ್ಡೆಯಾಗಿ ಬಿದ್ದಿದೆ. ಮೇಲೆ ಚಿಮಣಿ ಎಣ್ಣೆಯ ಡಬ್ಬಿ. ಹಮಾಲ ಕಡ್ಡಿಪೆಟ್ಟಿಗೆಗೆ ಕಿಸೆಯೆಲ್ಲ ತಡಕುತ್ತಿದ್ದಾನೆ. "ಕಡ್ಡಿ ಐತೇನ್ರಿ?" ಎಂದು ನನ್ನನ್ನೇ ಕೇಳಿದ. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಇನ್ನು ಐದು ನಿಮಿಷ ತಡವಾಗಿದ್ದರೆ ಇಡೀ ಬ್ಯಾಡಗಿ ಸೀನುತ್ತಿತ್ತು.

ಸಲಹೆಗಾರರನ್ನು ಕರೆಸಿ ವಿಚಾರಣೆ ಆಯಿತು. ದೊಡ್ಡಕ್ಕನಿಗೆ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ. "ಕೆಂಪಿದ್ದದ್ದು ಕೆಂಪಿನ್ಯಾಗ ಹಾಕೇವಿ. ಹಸರು, ಬಿಳಿ, ಕೊಳತದ್ದು ಹಸರಿನ್ಯಾಗ ಹಾಕೇವಿ. ಇದರಾಗ ತಿಳೀಲಾರದ್ದು ಏನೈತ್ರಿ?"

ಸಲಹೆಗಾರರು ಟೈ ಸಡಿಲ ಮಾಡಿಕೊಂಡರು. "ಅಲ್ಲ ಅಕ್ಕಾರ, ಕೆಂಪು ಅಂದ್ರ ಡೇಂಜರ್."

"ಸಾಹೇಬ್ರ," ಅಂದಳು ದೊಡ್ಡಕ್ಕ, "ನಮ್ಮ ಮುಂದ ಅಂದ್ರಿ, ಇರ್ಲಿ. ಇದನ್ನ ಬ್ಯಾಡಗಿ ಪ್ಯಾಟ್ಯಾಗ ನಿಂತು ಅನಬ್ಯಾಡ್ರಿ. ನಿಮಗ ಊರಿಗೆ ಹೋಗಾಕ ಆಗೂದಿಲ್ಲ."

ಮರುದಿನ ಪೇಂಟರ್ ಬಂದು ಗಿರಣಿಯ ಪೆಟ್ಟಿಗೆಗೆ ಕೆಂಪು, ಸುಡುವ ಪೆಟ್ಟಿಗೆಗೆ ಹಸಿರು ಬಳಿದ.

ಯಾವ ದೇವರ ಆರತಿ

ಕೊನೆಗೆ ತಪಾಸಣೆಯ ದಿನ ಗೊತ್ತಾಯಿತು. ಮುಂಬಯಿಯಿಂದ ಆಡಿಟರ್ ಬರುತ್ತಾರೆ. ಅವರು ಕಾರ್ಖಾನೆಯ ಯಾರನ್ನು ಬೇಕಾದರೂ ನಿಲ್ಲಿಸಿ, 'ನಿಮ್ಮ ಗುಣಮಟ್ಟದ ಧ್ಯೇಯ ಏನು' ಎಂದು ಕೇಳಬಹುದು. ಗೊತ್ತಿಲ್ಲ ಅಂದರೆ ಸರ್ಟಿಫಿಕೇಟು ಹೋಯಿತು. ಸಲಹೆಗಾರರು ಧ್ಯೇಯವಾಕ್ಯ ಬರೆದುಕೊಟ್ಟಿದ್ದರು. 'ಗ್ರಾಹಕರ ಅಗತ್ಯಗಳನ್ನರಿತು, ನಿರಂತರ ಸುಧಾರಣೆಯ ಮೂಲಕ, ಏಕರೂಪ ಗುಣದ ಉತ್ಪನ್ನವನ್ನು ಸಕಾಲದಲ್ಲಿ ಒದಗಿಸಲು ನಾವು ಬದ್ಧರಾಗಿದ್ದೇವೆ.'

ಇದನ್ನು ಆ ಹೆಂಗಸರಿಗೆ ಬಾಯಿಪಾಠ ಮಾಡಿಸಲು ನಾನು ಒಂದು ವಾರ ಒದ್ದಾಡಿದೆ. ಒಬ್ಬಾಕೆ 'ಬದ್ಧರಾಗಿದ್ದೇವೆ' ಅನ್ನುವ ಕಡೆ ಪ್ರತಿಸಲ 'ಬಿದ್ದಿದ್ದೇವೆ' ಅನ್ನುತ್ತಿದ್ದಳು. ಇನ್ನೊಬ್ಬಾಕೆ ಅರ್ಧಕ್ಕೆ ಅತ್ತುಬಿಟ್ಟಳು. ದೊಡ್ಡಕ್ಕ ನನ್ನನ್ನು ಬದಿಗೆ ಕರೆದಳು. "ನೀವು ಕಲಿಸಿದ್ರ ಇದು ಬರೂದಿಲ್ಲ. ನನಗ ಎರಡು ದಿನ ಬಿಡ್ರಿ." ಬಿಟ್ಟೆ. ಎರಡು ದಿನಕ್ಕೆ ಎಲ್ಲರಿಗೂ ಬರುತ್ತದೆ ಎಂದು ಹೇಳಿಕಳಿಸಿದಳು. ಹೇಗೆ ಕಲಿಸಿದೆ ಎಂದು ನಾನು ಕೇಳಲಿಲ್ಲ.

ಆಡಿಟರ್ ಬಂದರು. ಗಂಭೀರ ಮನುಷ್ಯ, ಹಿಂದಿ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಆರಿಸುವ ಕೋಣೆಗೆ ಬಂದವರೇ ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹೆಂಗಸಿನ ಕಡೆ ಬೆರಳು ಮಾಡಿದರು. ಸಲಹೆಗಾರರು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದರು. ಆಕೆ ಬಾಯಿ ತೆರೆದಳು, ಮುಚ್ಚಿದಳು, ದೊಡ್ಡಕ್ಕನ ಕಡೆ ನೋಡಿದಳು.

"ಅದು ಹಂಗ ಬರೂದಿಲ್ರಿ," ಅಂದಳು ದೊಡ್ಡಕ್ಕ. "ಹಾಡಬೇಕು."

ಎಂದವಳೇ ತಾನೇ ಹಾಡು ಎತ್ತಿಕೊಂಡಳು. ಮಂಗಳಾರತಿಯ ಧಾಟಿ! 'ಗ್ರಾಹಕರ ಅಗತ್ಯಾ ಅರಿತೂ' ಎಂದು ಆಕೆ ತೆಗೆದದ್ದೇ ತಡ, ಇಡೀ ಕೋಣೆ ಚಪ್ಪಾಳೆ ತಟ್ಟುತ್ತ ಹಿಂದೆ ಎತ್ತಿಕೊಂಡಿತು. 'ನಿರಂತರ ಸುಧಾರಣೇ' ಅನ್ನುವಲ್ಲಿ ದನಿ ಮೇಲಕ್ಕೆ ಹೋಗಿ, 'ಸಕಾಲದಲ್ಲೀ' ಅನ್ನುವಲ್ಲಿ ಕೆಳಕ್ಕೆ ಬರುತ್ತಿತ್ತು. ಹೊರಗಿದ್ದ ವಾಚ್‌ಮನ್ ಪೂಜೆ ಶುರುವಾಯಿತೆಂದು ತಿಳಿದು, ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಮೇಲಿದ್ದ ಕದರಮಂಡಲಗಿ ಹನುಮಪ್ಪನ ಫೋಟೋದ ಮುಂದೆ ಗಂಟೆ ಬಾರಿಸತೊಡಗಿದ. ಆಡಿಟರ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನು ಕಿಸೆಯಲ್ಲಿಟ್ಟರು, ಬೂಟು ಕಳಚಿದರು, ಕಣ್ಣು ಮುಚ್ಚಿ ಕೈ ಮುಗಿದು ನಿಂತರು.

ಆರತಿ ಮುಗಿದ ಮೇಲೆ ಮೆಲ್ಲಗೆ ಹಿಂದಿಯಲ್ಲಿ ಕೇಳಿದರು, "ಬಹಳ ಚೆನ್ನಾಗಿತ್ತು. ಇದು ಯಾವ ದೇವರದು?"

ಸಲಹೆಗಾರರು ಬೆವರು ಒರೆಸಿಕೊಂಡು ಹೇಳಿದರು, "ಗಿರಾಕಿದು, ಸರ್."

ಎಡಗಡೆಯ ಹೊಳ್ಳೆ

ಅದೇ ಮಧ್ಯಾಹ್ನ ನಡೆದದ್ದನ್ನು ಹೇಳಬೇಕಾದರೆ ತಿಂಗಳು ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಒಬ್ಬ ಚಾಚಾ ಇದ್ದರು. ಯಾವ ಚೀಲದ ಕಾಯಿ ಎಷ್ಟು, ಯಾವುದಕ್ಕೆ ಯಾವುದನ್ನು ಬೆರೆಸಬೇಕು ಎಂದು ಹೇಳುವವರು ಅವರೇ. ಚೀಲದ ಬಾಯಿ ಬಿಚ್ಚಿ, ಒಮ್ಮೆ ಮೂಸಿ, "ಇದು ಎರಡ ಪಾಲು, ಅದು ಒಂದ ಪಾಲು," ಅನ್ನುತ್ತಿದ್ದರು. ಹೊರದೇಶದವನು ಮೆಚ್ಚಿದ್ದು ಅವರ ಮೂಗನ್ನೇ ಅಂದರೂ ನಡೆದೀತು. ಸಲಹೆಗಾರರು ಅಳತೆಯ ಉಪಕರಣಗಳ ಪಟ್ಟಿ ಕೇಳಿದಾಗ ನಾನು ಪ್ರಾಮಾಣಿಕವಾಗಿ ಬರೆದಿದ್ದೆ: ತಕ್ಕಡಿ ಎರಡು, ಥರ್ಮಾಮೀಟರ್ ಒಂದು, ಮೂಗು ಒಂದು. ಪಟ್ಟಿ ಮುಂಬಯಿಗೆ ಹೋದ ಮೇಲೆ ಸಲಹೆಗಾರರು ಅದನ್ನು ಓದಿದರು.

"ಏನ್ ಮಾಡಿದ್ರಿ ಇದು! ಪಟ್ಟಿಯೊಳಗಿನ ಪ್ರತಿಯೊಂದು ಉಪಕರಣಾನೂ ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ಇಡಬೇಕು!"

ಹೀಗಾಗಿ ನಾನು ಚಾಚಾನನ್ನು ಕರೆದುಕೊಂಡು ರಾಣೆಬೆನ್ನೂರಿನ ಕಿವಿ ಮೂಗಿನ ಡಾಕ್ಟರ ಹತ್ತಿರ ಹೋದೆ.

"ಏನಾಗೇತಿ ಮೂಗಿಗೆ?" ಎಂದರು ಡಾಕ್ಟರು.

"ಏನೂ ಆಗಿಲ್ರಿ," ಎಂದರು ಚಾಚಾ.

"ಮತ್ತ ಯಾಕ ಬಂದೀರಿ?"

"ಏನೂ ಆಗಿಲ್ಲ ಅಂತ ಬರಸ್ಕೊಂಡು ಹೋಗಾಕ ಬಂದೇವ್ರಿ," ಎಂದೆ ನಾನು.

ಡಾಕ್ಟರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಟಾರ್ಚು ಹಿಡಿದರು. ಅವರು ನಿಷ್ಠುರ ಮನುಷ್ಯ. ಕಂಡದ್ದನ್ನು ಕಂಡಂತೆ ಬರೆದರು. 'ಬಲಗಡೆಯ ಹೊಳ್ಳೆ ಸರಿ ಇದೆ. ಎಡಗಡೆ ಒಳಗಿನ ಎಲುಬು ಸೊಟ್ಟ ಇದೆ. ಆಪರೇಶನ್ ಮಾಡಿಸುವುದು ಒಳ್ಳೆಯದು.'

ಬಸ್ಸಿನಲ್ಲಿ ಬರುವಾಗ ಚಾಚಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬಹಳ ನೊಂದಿದ್ದರು. ಊರು ಹತ್ತಿರ ಬಂದಾಗ ಹೇಳಿದರು: "ಬೇಟಾ, ಇಷ್ಟು ವರ್ಸ ನನ್ನ ಹೊಟ್ಟಿ ತುಂಬಿಸಿದ್ದ ಈ ಎಡಗಡೇದು. ವಾಸನಿ ಎಲ್ಲಾ ಇದಕ್ಕ ಗೊತ್ತು. ಬಲಗಡೇದು ಬರೇ ಉಸಿರಾಡಾಕ ಐತಿ. ಅದಕ್ಕ ಖಾರ ಯಾವ್ದು, ಸಕ್ಕರಿ ಯಾವ್ದು ತಿಳಿಯೂದಿಲ್ಲ."

ಸಲಹೆಗಾರರು ಸರ್ಟಿಫಿಕೇಟು ಓದಿ ಇನ್ನೊಂದು ನಿಯಮ ಹೇಳಿದರು. ಕೆಟ್ಟ ಉಪಕರಣವನ್ನು ಒಳ್ಳೆಯದರಿಂದ ಬೇರೆ ಮಾಡಿ, ಯಾರೂ ಬಳಸದಂತೆ ತೆಗೆದಿಡಬೇಕು. ಒಂದು ಹೊಳ್ಳೆಯನ್ನು ಇನ್ನೊಂದರಿಂದ ಬೇರೆ ಮಾಡಿ ಎಲ್ಲಿಡುವುದು? ನಾನು, ಸಲಹೆಗಾರರು, ಸಾಹುಕಾರರು ಎರಡು ದಿನ ತಲೆ ಕೆಡಿಸಿಕೊಂಡೆವು. ಆಪರೇಶನ್ ಮಾಡಿಸಿದರೆ ಹೇಗೆ ಎಂದು ನಾನು ಕೇಳಿದೆ. ಸಾಹುಕಾರರು ಗದರಿದರು. "ಸರ್ಟಿಫಿಕೇಟ್ ಹೋದ್ರ ಒಬ್ಬ ಗಿರಾಕಿ ಹೋಗ್ತಾನ. ಚಾಚಾನ ಮೂಗು ಹೋದ್ರ ಎಲ್ಲಾರೂ ಹೋಗ್ತಾರ. ಆ ಮೂಗು ಮುಟ್ಟಬ್ಯಾಡ್ರಿ." ಚಾಚಾ ಬಾಗಿಲಲ್ಲಿ ನಿಂತು ಇದನ್ನು ಕೇಳಿದರು. "ಸಾಹುಕಾರ್, ನೀವು ಚಿಂತಿ ಬಿಡ್ರಿ. ನಾ ನೋಡ್ಕೋತೀನಿ," ಎಂದಷ್ಟೇ ಹೇಳಿ ಹೋದರು.

ತಪಾಸಣೆಯ ಆ ಮಧ್ಯಾಹ್ನ ಆಡಿಟರ್ ಪಟ್ಟಿ ಹಿಡಿದು ಬೆರೆಸುವ ಕೋಣೆಗೆ ಬಂದರು. ತಕ್ಕಡಿ ನೋಡಿದರು, ಥರ್ಮಾಮೀಟರ್ ನೋಡಿದರು. ಮೂರನೆಯ ಸಾಲಿಗೆ ಬಂದು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನಾನು ಡಾಕ್ಟರ ಚೀಟಿ ಕೊಟ್ಟೆ. ಅದನ್ನು ಓದಿ ತಲೆ ಎತ್ತಿದರು. ಎದುರಿಗೆ ಚಾಚಾ ಒಗೆದ ಅಂಗಿ, ಹೊಸ ಟೋಪಿ ಹಾಕಿಕೊಂಡು, ಎಡಗಡೆಯ ಹೊಳ್ಳೆಗೆ ದೊಡ್ಡದೊಂದು ಹತ್ತಿಯ ಉಂಡೆ ತುರುಕಿಕೊಂಡು ನೆಟ್ಟಗೆ ನಿಂತಿದ್ದರು.

"ಪರೀಕ್ಷೆ ಮಾಡಿ ತೋರಿಸಿ," ಎಂದರು ಆಡಿಟರ್.

ಮೂರು ಚೀಲ ತಂದಿಟ್ಟರು. ಚಾಚಾ ಮೊದಲನೆಯದಕ್ಕೆ ಬಗ್ಗಿ ಬಲಗಡೆಯಿಂದ ಉಸಿರೆಳೆದರು. ಮುಖದಲ್ಲಿ ಏನೂ ಇಲ್ಲ. ಇನ್ನೊಮ್ಮೆ ಎಳೆದರು. ಹಣೆಯ ಮೇಲೆ ಬೆವರು ಬಂತು. ಸಾಹುಕಾರರು ಕಣ್ಣು ಮುಚ್ಚಿಕೊಂಡರು. ಆಗ ಚಾಚಾನ ಕಣ್ಣು ಚೀಲದ ಹೊಲಿಗೆಯ ಮೇಲೆ ಬಿತ್ತು. ಪ್ರತಿ ವ್ಯಾಪಾರಿಯ ಕಡೆಯವರೂ ಚೀಲ ಹೊಲಿಯುವ ರೀತಿ ಬೇರೆ, ದಾರ ಬೇರೆ. ಯಾವ ಹೊಲಿಗೆಯ ಮಾಲು ಯಾವಾಗ ಬಂತು, ಹೇಗಿದೆ ಎಂಬುದು ಅವರಿಗೆ ಅಂಗೈಯಷ್ಟು ಪರಿಚಯ. "ಇದು ಹೋದ ವರ್ಸದ ಮಾಲು, ಕೋಲ್ಡ್ ಸ್ಟೋರೇಜಿಂದು," ಎಂದರು. ಎರಡನೆಯ ಚೀಲಕ್ಕೆ, "ಇದು ಹೊಸಾದು, ಖಾರ ಕಡಿಮಿ." ಮೂರನೆಯದಕ್ಕೆ ಬಗ್ಗಲೂ ಇಲ್ಲ, ನಿಂತಲ್ಲಿಂದಲೇ ಹೇಳಿದರು. ಆಡಿಟರ್ ಚೀಲಗಳೊಳಗಿನ ಚೀಟಿ ತೆಗೆದು ನೋಡಿದರು. ಮೂರೂ ಸರಿ.

ಅವರು ಚಾಚಾನ ಹತ್ತಿರ ಹೋಗಿ, ಕುತ್ತಿಗೆ ಬಾಗಿಸಿ ಆ ಹತ್ತಿಯನ್ನು ಎರಡೂ ಮಗ್ಗುಲಿನಿಂದ ಪರೀಕ್ಷಿಸಿದರು. ನಂತರ ನಿಧಾನವಾಗಿ ಬರೆದರು: 'ದೋಷವಿರುವ ಉಪಕರಣವನ್ನು ಬಳಕೆಯಿಂದ ಸರಿಯಾಗಿ ಬೇರ್ಪಡಿಸಿದ್ದಾರೆ. ತೃಪ್ತಿಕರ.' ಸಂಜೆ ಕಾರು ಹತ್ತುವ ಮೊದಲು ಸಾಹುಕಾರರ ಕೈ ಕುಲುಕಿ, ನಿಮಗೆ ಸರ್ಟಿಫಿಕೇಟು ಸಿಗುತ್ತದೆ ಎಂದರು. ಸಲಹೆಗಾರರು ಮೊದಲ ಸಲ ಟೈ ಬಿಚ್ಚಿದರು.

ಕಾರು ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು. ಚಾಚಾ ಎಡಗಡೆಯ ಹೊಳ್ಳೆಯಿಂದ ಹತ್ತಿ ಕಿತ್ತರು. ಅದನ್ನು ಬಲಗಡೆಯ ಹೊಳ್ಳೆಗೆ ತುರುಕಿಕೊಂಡು, ಅಂಗಿಯ ತೋಳು ಮಡಿಚಿ, ಚೀಲಗಳ ಕಡೆ ತಿರುಗಿದರು.

"ಹೂಂ, ಬರ್ರಿ," ಎಂದರು. "ಇನ್ನ ಖರೇ ಕೆಲಸ ಮಾಡೂಣು."